ಕುಟ್ಟಿಯಮ್ಮ ಓದಿದ ನೋಟೀಸು

೧೯೭೯ನೇ ಇಸವಿ ಏಪ್ರಿಲ್ ಹದಿನೇಳನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪುತ್ತೂರಿನ ನೋಂದಣಿ ಕಚೇರಿಯ ಜಗಲಿಯಲ್ಲಿ ಈಪ್ಪನ್ ಎರಡೂ ಕೈ ಎದೆಗೆ ಕಟ್ಟಿ, ನೋಟೀಸು ಹಲಗೆಗೆ ತಲೆ ಒರಗಿಸಿ ನಿಂತಿದ್ದ. ಹಲಗೆಗೆ ಕೋಳಿಗೂಡಿನಂಥ ತಂತಿ ಬಲೆಯ ಬಾಗಿಲು. ಅವನ ತಲೆಯ ಎಣ್ಣೆ ಬಲೆಗೆ ಹತ್ತಿ ಮಿನುಗುತ್ತಿತ್ತು. ತೋಟದ ಪಕ್ಕದ ಒಂದೂವರೆ ಎಕರೆಯನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೆ ಬರೆಸಿಕೊಳ್ಳಲು ಕಡಬದಿಂದ ಬೆಳಗಿನ ಬಸ್ಸಿಗೆ ಬಂದವರು ಅವರು.

ಎಲೆಯಡಿಕೆ ಉಗುಳಲು ಈಪ್ಪನ್ ಮೆಟ್ಟಿಲಿಳಿದ. ಅವನ ತಲೆ ಮುಚ್ಚಿದ್ದ ಜಾಗದಲ್ಲಿ ಬೆರಳಚ್ಚು ಮಾಡಿದ ಒಂದು ಹಾಳೆ ಇತ್ತು. ಬೇರೇನೂ ಮಾಡಲಿಕ್ಕಿಲ್ಲದೆ ಹೆಂಡತಿ ಕುಟ್ಟಿಯಮ್ಮ ಅದನ್ನು ಓದಿದಳು.

ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮದುವೆಯ ನೋಟೀಸು. ವರ: ಪ್ರೇಮನಾಥ, ಸಂಕಪ್ಪ ರೈ ಎಂಬವರ ಮಗ, ವಯಸ್ಸು ಇಪ್ಪತ್ತಾರು, ಸೊಸೈಟಿ ಗುಮಾಸ್ತ. ವಧು: ಮರಿಯಕುಟ್ಟಿ, ಈಪ್ಪನ್ ಎಂಬವರ ಮಗಳು, ವಯಸ್ಸು ಇಪ್ಪತ್ತು. ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ತಿಳಿಸತಕ್ಕದ್ದು. ಕೆಳಗೆ ಏಪ್ರಿಲ್ ಹತ್ತರ ತಾರೀಕು, ದುಂಡನೆಯ ಮೊಹರು.

ಅವಳು ಇನ್ನೊಮ್ಮೆ ಓದಿದಳು. ಎರಡನೇ ಸಲವೂ ಅದೇ ಹೆಸರು.

ಕೇರಳದ ಪಾಲಾ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಮಗ ಪೈಲಿ ಒಂದನೇ ಕ್ಲಾಸಿಗೆ ಸೇರಿದಾಗ ಅವನ ಸ್ಲೇಟಿನಲ್ಲೇ ಕುಟ್ಟಿಯಮ್ಮ ಕನ್ನಡ ಅಕ್ಷರ ತಿದ್ದಿದ್ದಳು. ಮೊದಲು ಬಸ್ಸಿನ ಬೋರ್ಡು, ಆಮೇಲೆ ರೇಷನ್ ಕಾರ್ಡು, ಕೊನೆಗೆ ಸಾಮಾನು ಕಟ್ಟಿ ಬಂದ ಪೇಪರು. ಈಪ್ಪನ್ ಕಲಿಯಲಿಲ್ಲ. ಒಂದು ದಿನ ತಡವಾಗಿ ಬರುವ ಮಲಯಾಳ ಪತ್ರಿಕೆ ಅವನಿಗೆ ಸಾಕಾಗಿತ್ತು.

"ಎಡೀ, ಎಂತ ನೋಡುದು ಅಲ್ಲಿ?" ಈಪ್ಪನ್ ಕೆಳಗಿನಿಂದ ಕೇಳಿದ.

"ಎಂತ ಇಲ್ಲ. ಯಾರದೋ ಹರಾಜಂತೆ."

"ಯಾರಂತೆ?"

"ನಮಗೆ ಗೊತ್ತಿಲ್ಲದವರು."

ದಸ್ತಾವೇಜು ಬರೆಯುವ ಅಚ್ಚುತ ಒಳಗಿನಿಂದ ಕರೆದ. ಈಪ್ಪನ್ ಮಲಯಾಳದಲ್ಲಿ ಸಹಿ ಹಾಕಿದ. ಕುಟ್ಟಿಯಮ್ಮನ ಕೈ ಹೆಸರಿನ ನಡುವೆ ಎರಡು ಸಲ ನಿಂತಿತು.

"ಹೆದರಬೇಡಿ ಅಮ್ಮಾ," ಅಚ್ಚುತ ನಕ್ಕ, "ಭೂಮಿ ಕೊಡುದಲ್ಲ, ತೆಗೊಳ್ಳುದು."

* * *

ಮರಿಯಕುಟ್ಟಿಯ ಮದುವೆ ನಿಶ್ಚಯವಾದದ್ದು ನೆಲ್ಯಾಡಿಯ ಉಲಹನ್ನಾನ್‌ನೊಡನೆ. ವಯಸ್ಸು ಮೂವತ್ತಮೂರು, ಹನ್ನೆರಡು ಎಕರೆ ರಬ್ಬರು, ಒಂದು ಜೀಪು. ಈಸ್ಟರ್ ಕಳೆದ ಮೇಲಿನ ಮೂರು ಭಾನುವಾರ ಇಗರ್ಜಿಯಲ್ಲಿ ಹೆಸರು ಕರೆಯುವುದು, ಮೇ ಹದಿನಾಲ್ಕರ ಸೋಮವಾರ ತಾಳಿ ಎಂದು ಮಾತಾಗಿತ್ತು.

ಮರುದಿನ ಬೆಳಿಗ್ಗೆ ಈಪ್ಪನ್ ಮತ್ತು ಪೈಲಿ ರಬ್ಬರ್ ಟ್ಯಾಪಿಂಗಿಗೆ ಹೋದದ್ದನ್ನು ನೋಡಿಕೊಂಡು ಕುಟ್ಟಿಯಮ್ಮ ಕೊಟ್ಟಿಗೆಯ ಪಕ್ಕದ ಚಾವಡಿಗೆ ಬಂದಳು. ಮಗಳು ರಬ್ಬರ್ ಹಾಲು ಹೆಪ್ಪು ಹಾಕುವ ಅಲ್ಯುಮಿನಿಯಂ ಡಿಶ್‌ಗಳನ್ನು ತೊಳೆಯುತ್ತಿದ್ದಳು.

"ಹತ್ತನೇ ತಾರೀಕು ನೀನು ಎಲ್ಲಿಗೆ ಹೋದದ್ದು?"

"ಹೊಲಿಗೆ ಕ್ಲಾಸಿಗೆ. ಪರೀಕ್ಷೆ ಅಂತ ಹೇಳಿದ್ದೆ ಅಲ್ವಾ?"

"ಪರೀಕ್ಷೆ ಪುತ್ತೂರಿನಲ್ಲಾ?"

ಮಗಳ ಕೈಯಲ್ಲಿದ್ದ ತೆಂಗಿನ ನಾರು ನಿಂತಿತು. ಕುಟ್ಟಿಯಮ್ಮ ಕಪಾಳಕ್ಕೆ ಹೊಡೆದಳು. ಅಷ್ಟಕ್ಕೆ ಸಾಲದೆ ಕೈಗೆ ಸಿಕ್ಕ ಗೆರಟೆಯ ಸೌಟಿನಿಂದ ಬೆನ್ನಿಗೆ, ಭುಜಕ್ಕೆ, ಎತ್ತಿ ಹಿಡಿದ ಮೊಣಕೈಗೆ ಹೊಡೆದಳು. ಸೌಟಿನ ಹಿಡಿ ಮುರಿದ ಮೇಲೆ ನಿಲ್ಲಿಸಿದಳು. ಮರಿಯಕುಟ್ಟಿ ಅಳಲಿಲ್ಲ.

"ನಾಚಿಕೆ ಇಲ್ವಾ ನಿನಗೆ? ಹೇಳ್ಬೇಕು ಅಂತ ಕಾಣಲಿಲ್ವಾ?"

"ಹೇಳಿದ್ರೆ ಎಂತ ಮಾಡ್ತಿದ್ರಿ?"

"ಕೊಲ್ತಿದ್ದೆ."

"ಅದಕ್ಕೆ ಅಪ್ಪಚ್ಚ ಇದ್ದಾರಲ್ಲ. ನೀವು ಯಾಕೆ ಸುಮ್ಮನೆ ಕಷ್ಟಪಡುದು?"

ಕುಟ್ಟಿಯಮ್ಮ ಮುರಿದ ಸೌಟನ್ನು ಒಲೆಯ ಬಳಿ ಎಸೆದಳು. "ಅವನು ನಮ್ಮವನಲ್ಲ. ದೇವರು ಬೇರೆ, ಊಟ ಬೇರೆ. ಅವನ ಅಪ್ಪ ನಮ್ಮನ್ನು ಈಗಲೂ ಕೊಚ್ಚಿಯವರು ಅಂತಲೇ ಕರೆಯುದು. ಆ ಮನೆಗೆ ನಿನ್ನನ್ನು ಸೇರಿಸ್ತಾರಾ?"

"ಸೇರಿಸುದಿಲ್ಲ ಅಂತ ಪ್ರೇಮನೂ ಹೇಳಿದ್ದಾನೆ. ಅವನ ಮಾವ ಮಂಗಳೂರಿನಲ್ಲಿದ್ದಾರೆ. ಅಲ್ಲಿ ಕೆಲಸ ನೋಡಿದ್ದಾನೆ."

"ಉಲಹನ್ನಾನ್‌ನಿಗೆ ಎಂತ ಕಡಿಮೆ?"

"ಎಂತದೂ ಕಡಿಮೆ ಇಲ್ಲ. ನನಗೆ ಬೇಡ, ಅಷ್ಟೇ."

ಆ ದಿನವೇ ಕುಟ್ಟಿಯಮ್ಮ ನಿರ್ಧರಿಸಿದಳು. ಭಾನುವಾರ ಪೂಜೆ ಮುಗಿದ ಮೇಲೆ ಮೊದಲು ಇಗರ್ಜಿಯ ಪಾದ್ರಿ ಅಚ್ಚನ್ನರಿಗೆ ಹೇಳುವುದು. ಅಚ್ಚನ್ ಈಪ್ಪನ್‌ನನ್ನು ಕರೆದು ಸಮಾಧಾನದಿಂದ ಹೇಳಲಿ. ಮೂವತ್ತು ದಿನದೊಳಗೆ ಒಂದು ಆಕ್ಷೇಪಣೆ ಬರೆದು ಕೊಟ್ಟರೆ ಎಲ್ಲ ನಿಲ್ಲುತ್ತದೆ ಎಂದು ಅವಳು ತಿಳಿದಿದ್ದಳು. ಇನ್ನೂ ಇಪ್ಪತ್ತೆರಡು ದಿನವಿತ್ತು.

* * *

ಶನಿವಾರ ಈಪ್ಪನ್ ಮದುವೆ ಕರೆಯಲು ಹೋಗಿದ್ದ. ಆಸಿಡ್ ಬೆರೆಸುವ ಕೆಲಸ ಮಗಳ ಪಾಲಿಗೆ ಬಂತು. ನೀರು ಕೂಡಿಸಿದ ರಬ್ಬರ್ ಹಾಲು ಡಿಶ್‌ಗೆ ನಾಲ್ಕು ಲೀಟರ್, ಅದಕ್ಕೆ ತೆಳು ಮಾಡಿದ ಆಸಿಡ್ ಇನ್ನೂರು ಮಿಲಿಲೀಟರ್. ಎಂಟು ವರ್ಷದಿಂದ ನೋಡಿಕೊಂಡು ಬಂದ ಲೆಕ್ಕ. ಅವತ್ತು ಅವಳು ನಾಲ್ಕು ಡಿಶ್‌ಗಳಿಗೆ ಎರಡೆರಡು ಸಲ ಹೊಯ್ದಳು. ಸಂಜೆಗೆ ಹೆಪ್ಪು ಕಲ್ಲಿನಂತಾಗಿತ್ತು. ರೋಲರಿಗೆ ಕೊಟ್ಟರೆ ತಿರುಗಲಿಲ್ಲ. ಪೈಲಿ ಕಾಲು ಕೊಟ್ಟು ತಿರುಗಿಸಿದಾಗ ಶೀಟು ಅಂಚಿನಿಂದ ಸೀಳಿತು.

ಈಪ್ಪನ್ ಬಂದವನು ಸೀಳಿದ ಶೀಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಸೊಂಟದಲ್ಲಿ ಮುಂಡಿನ ಮೇಲೆ ಕಟ್ಟಿದ ಅಗಲದ ಹಸಿರು ಪಟ್ಟಿ ಬಿಚ್ಚಿದ. ಪಟ್ಟಿಗೆ ಎರಡು ಕಬ್ಬಿಣದ ಬಕ್ಕಲ್ ಇದ್ದವು. ಅವನು ಬಕ್ಕಲ್ ಇದ್ದ ತುದಿಯನ್ನೇ ಬೀಸಿದ.

ಈಪ್ಪನ್‌ನ ತಾಯಿ ಏಲಿಯಮ್ಮ ಚಾವಡಿಯ ಮೂಲೆಯಲ್ಲಿ ಕೂತು ಜಪಮಣಿ ಎಣಿಸುತ್ತಿದ್ದಳು. ವಯಸ್ಸು ಎಪ್ಪತ್ತನಾಲ್ಕು, ಕಣ್ಣು ಮಂದ, ನಾಲಿಗೆ ಚುರುಕು.

"ಮುಖಕ್ಕೆ ಬೇಡ ಈಪ್ಪಾ," ಅವಳು ಹೇಳಿದಳು. "ಮದುವೆಗೆ ಮೂರು ವಾರ ಮಾತ್ರ ಇರುದು."

ಕುಟ್ಟಿಯಮ್ಮ ನಡುವೆ ಹೋದಾಗ ಒಂದು ಏಟು ಅವಳ ಕುತ್ತಿಗೆಗೂ ಬಿತ್ತು. ಮಗಳ ಮೇಲೆ ಬಿದ್ದದ್ದು ಹನ್ನೊಂದು. ರವಿಕೆ ಬೆನ್ನಿಗೆ ಅಂಟಿ, ಬಿಡಿಸುವಾಗ ಬಿಸಿನೀರು ಹಾಕಬೇಕಾಯಿತು.

"ನಾಲ್ಕು ಶೀಟಿಗೆ ಹನ್ನೊಂದು," ತೆಂಗಿನೆಣ್ಣೆ ಹಚ್ಚುತ್ತ ಕುಟ್ಟಿಯಮ್ಮ ಹೇಳಿದಳು.

"ಆ ನೋಟೀಸಿಗೆ ಎಷ್ಟು ಅಂತ ಲೆಕ್ಕ ಹಾಕ್ತಾ ಇದ್ದೀರಾ?" ಮರಿಯಕುಟ್ಟಿ ಮಗುಚಿ ಮಲಗಿದಲ್ಲಿಂದಲೇ ಕೇಳಿದಳು.

ಕುಟ್ಟಿಯಮ್ಮ ಬೆರಳನ್ನು ಮತ್ತೆ ಎಣ್ಣೆಗೆ ಅದ್ದಿದಳು.

ಭಾನುವಾರ ಅಚ್ಚನ್ ಹೆಸರು ಕರೆದರು. ಈಪ್ಪನ್ ಮಗಳು ಮರಿಯಕುಟ್ಟಿ, ನೆಲ್ಯಾಡಿಯ ಉಲಹನ್ನಾನ್, ಇವರ ಮದುವೆಗೆ ಅಡ್ಡಿಯಾದ ಸಂಗತಿ ಯಾರಿಗಾದರೂ ತಿಳಿದಿದ್ದರೆ ಹೇಳಬೇಕಾದದ್ದು ಅವರ ಕರ್ತವ್ಯ ಎಂದರು. ಹೆಂಗಸರ ಕಡೆಯಲ್ಲಿ ಮೊಣಕಾಲೂರಿದ್ದ ಕುಟ್ಟಿಯಮ್ಮ ಮುಸುಕು ಮುಂದಕ್ಕೆ ಎಳೆದುಕೊಂಡಳು. ಪೂಜೆ ಮುಗಿದ ಮೇಲೆ ಅಚ್ಚನ್ ಬಾಗಿಲಲ್ಲೇ ನಿಂತಿದ್ದರು. ಅವಳು ನಮಸ್ಕಾರ ಮಾಡಿ ಮುಂದೆ ಹೋದಳು.

ಮಧ್ಯಾಹ್ನ ಉಲಹನ್ನಾನ್ ಊಟಕ್ಕೆ ಬಂದ. ಕೋಳಿ, ಮರಗೆಣಸು, ಮಜ್ಜಿಗೆಯ ಮೋರುಕರಿ. ದೊಡ್ಡ ದನಿಯ, ದೊಡ್ಡ ನಗುವಿನ ಮನುಷ್ಯ. ಶೀಟಿನ ಕಥೆ ಏಲಿಯಮ್ಮನೇ ಹೇಳಿದಳು.

"ನಮ್ಮಲ್ಲಿ ಶೀಟು ಹಾಳಾದ್ರೆ ಹೊಡೆಯುದು ಕೆಲಸದವನಿಗೆ," ಉಲಹನ್ನಾನ್ ಮೂಳೆ ಚೀಪುತ್ತ ಹೇಳಿದ, "ಮನೆಯವರಿಗೆ ಅನ್ನ ಹಾಳಾದ್ರೆ ಮಾತ್ರ."

ಈಪ್ಪನ್ ಮತ್ತು ಪೈಲಿ ನಕ್ಕರು. ಮರಿಯಕುಟ್ಟಿ ಬಡಿಸುವಾಗ ಬಾಗಲಾರದೆ ಮೊಣಕಾಲು ಮಡಚಿ ಬಡಿಸಿದಳು.

* * *

ಏಪ್ರಿಲ್ ಇಪ್ಪತ್ತಾರರ ಗುರುವಾರ ಬೆಳಗಿನ ಗಂಜಿ ಕುಡಿಯುವಾಗ ಈಪ್ಪನ್ ಹೇಳಿದ, "ಪೈಲಿ, ನಾಳೆ ಪುತ್ತೂರಿಗೆ ಹೋಗಿ ದಸ್ತಾವೇಜು ತೆಗೊಂಡು ಬಾ. ರಸೀದಿ ಪೆಟ್ಟಿಗೆಯಲ್ಲಿ ಉಂಟು."

ಪೈಲಿ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು. ಜಗಲಿಯಲ್ಲಿ ಕಾಯಿಸದೆ ಆ ಕಚೇರಿಯಲ್ಲಿ ಯಾರಿಗೂ ಕಾಗದ ಕೊಡುತ್ತಿರಲಿಲ್ಲ. ಅವರು ತೋಟಕ್ಕೆ ಹೋದ ಮೇಲೆ ಕುಟ್ಟಿಯಮ್ಮ ಪೆಟ್ಟಿಗೆ ತೆರೆದು ರಸೀದಿ ತೆಗೆದು ಒಲೆಗೆ ಹಾಕಿದಳು. ಅದು ಸುಟ್ಟು ಮುಗಿಯುವವರೆಗೆ ಊದುಗೊಳವೆ ಹಿಡಿದು ಅಲ್ಲೇ ಕೂತಳು.

ಸಂಜೆ ಪೆಟ್ಟಿಗೆಯ ಬಟ್ಟೆಬರೆಯೆಲ್ಲ ಅಂಗಳಕ್ಕೆ ಬಿತ್ತು.

"ಎಡೀ, ರಸೀದಿ ಎಲ್ಲಿ?"

"ಕಸ ಅಂತ ಒಲೆಗೆ ಹಾಕಿದೆನಾ ಏನೋ."

"ದೊಡ್ಡ ಓದಿದವಳು! ಬಸ್ಸಿನ ಬೋರ್ಡು ಓದ್ತಾಳಂತೆ, ರಸೀದಿ ಓದ್ಲಿಕ್ಕೆ ಬರುದಿಲ್ವಾ?" ಈಪ್ಪನ್ ಮೂಲೆಯಲ್ಲಿದ್ದ ಉದ್ದ ಕೊಡೆ ತೆಗೆದು ಅದರ ಬಾಗಿದ ಹಿಡಿಯಿಂದ ಅವಳ ಬಲಗಿವಿಯ ಮೇಲೆ ಹೊಡೆದ. ಎರಡನೇ ಏಟಿಗೆ ಕಿವಿಯ ಓಲೆ ಹರಿದು ಬಿತ್ತು.

"ಅಪ್ಪಚ್ಚಾ, ಬಿಡಿ," ಪೈಲಿ ಹೇಳಿದ. "ಅಚ್ಚುತನಿಗೆ ಹೇಳಿ ನಾನು ತರ್ತೇನೆ."

"ರಸೀದಿ ಇಲ್ಲದಿದ್ರೆ ನಿನಗೆ ಯಾರು ಕೊಡುದು? ಸಹಿ ಹಾಕಿದವನು ನಾನು, ನಾನೇ ಹೋಗ್ಬೇಕು."

ಶುಕ್ರವಾರ ಈಪ್ಪನ್ ಹೋದ. ಕುಟ್ಟಿಯಮ್ಮ ದಿನವಿಡೀ ದಾರಿ ನೋಡಿದಳು. ನಾಲ್ಕು ಗಂಟೆಗೆ ಅವನು ದಸ್ತಾವೇಜಿನ ಸುರುಳಿ ಹಿಡಿದು ಬೆವರುತ್ತ ಬಂದ.

"ನಿನ್ನಿಂದಾಗಿ ಎರಡು ಗಂಟೆ ಆ ಹಲಗೆಯ ಎದುರು ನಿಂತೆ," ಅವನು ಹೇಳಿದ. "ನೀರು ತಾ."

ಅವಳು ನೀರು ತಂದಳು. ಲೋಟ ಕೊಡುವಾಗ ಅವಳಿಗೆ ನಗು ಬಂತು. ತಡೆಯಲು ಹೋಗಿ ಕೆಮ್ಮಿದಳು. ಬಲಗಿವಿಯಲ್ಲಿ ಇನ್ನೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

* * *

ಮೇ ಐದರ ಶನಿವಾರ ಪೈಲಿ ಪೇಟೆಯಿಂದ ಬಂದಾಗ ಅವನ ಬಲಗೈಯ ಗೆಣ್ಣುಗಳ ಚರ್ಮ ಸುಲಿದಿತ್ತು. ಊಟಕ್ಕೆ ಕೂತು ಎಡಗೈಯಿಂದ ಅನ್ನ ಕಲಸಿದ.

"ಕೈಗೆ ಎಂತ?" ಏಲಿಯಮ್ಮ ಕೇಳಿದಳು. ಮಂದಗಣ್ಣಿಗೂ ಅದು ಕಂಡಿತ್ತು.

"ಪೋಕರ್‌ನ ಅಂಗಡಿಯಲ್ಲಿ ಬೀಡಿ ತೆಗೊಳ್ತಾ ಇದ್ದೆ. ಅವ ನಗ್ತಾ ಹೇಳಿದ, ಸೊಸೈಟಿಯಲ್ಲಿ ಸಕ್ಕರೆ ತೂಗುವಾಗ ನಿಮ್ಮ ಮನೆಯ ಚೀಲಕ್ಕೆ ಮಾತ್ರ ತಕ್ಕಡಿ ಯಾಕೆ ಬಾಗ್ತದೆ ಮಾರಾಯ ಅಂತ. ಯಾರು ತೂಗುದು ಕೇಳಿದೆ. ಸಂಕಪ್ಪ ರೈಗಳ ಮಗ ಅಂದ. ನಿನ್ನ ತಂಗಿ ಚೀಲ ಹಿಡಿದ್ರೆ ಅವನಿಗೆ ಕಲ್ಲು ಮರೆತುಹೋಗ್ತದೆ ಅಂದ."

ಈಪ್ಪನ್ ತುತ್ತು ಕೆಳಗಿಟ್ಟ. "ಆಮೇಲೆ?"

"ಬಸ್ ಸ್ಟ್ಯಾಂಡಿನಲ್ಲಿ ಆ ರೈಗಳ ಮಗ ಸಿಕ್ಕಿದ. ನೆಲಕ್ಕೆ ಹಾಕಿ ಹೊಡೆದೆ. ಎರಡು ಹಲ್ಲು ಹೋಗಿರ್ಬೇಕು. ಜನ ಬಿಡಿಸದಿದ್ರೆ ಇನ್ನೂ ಹೋಗ್ತಿತ್ತು."

"ಅವ ಹೊಡೆಯಲಿಲ್ವಾ?"

"ಇಲ್ಲ. ಮುಖ ಮುಚ್ಚಿಕೊಂಡ. ಅದಕ್ಕೇ ನನಗೆ ಸಂಶಯ ಜಾಸ್ತಿ ಆದದ್ದು."

ಈಪ್ಪನ್ ಎದ್ದು ಒಳಗೆ ಹೋದ. ಮರಿಯಕುಟ್ಟಿಯ ಜಡೆಯನ್ನು ಕೈಗೆ ಸುತ್ತಿ ಎಳೆದು ತಂದು ಶೀಟು ಇಡುವ ಕೋಣೆಯೊಳಗೆ ತಳ್ಳಿದ. ಅವಳ ಹಣೆ ಬಾಗಿಲ ದಾರಂದಕ್ಕೆ ಬಡಿದ ಸದ್ದು ಅಡಿಗೆಮನೆಗೆ ಕೇಳಿಸಿತು. ಹೊರಗಿನಿಂದ ಬೀಗ ಬಿತ್ತು.

"ಮಾತಾಡಿದ್ಯಾ ಅವನೊಟ್ಟಿಗೆ?"

"ಸಕ್ಕರೆ ಕೊಡುವವನೊಟ್ಟಿಗೆ ಮಾತಾಡದೆ ಸಕ್ಕರೆ ಹೇಗೆ ಸಿಗುದು?" ಒಳಗಿನಿಂದ ದನಿ ಬಂತು.

"ಹದಿನಾಲ್ಕನೇ ತಾರೀಕು ಆಗಲಿ. ಆಮೇಲೆ ನಿನ್ನ ನಾಲಿಗೆ ಉಲಹನ್ನಾನ್ ನೋಡ್ಕೊಳ್ತಾನೆ. ಅದಕ್ಕಿಂತ ಮೊದಲು ಬೇರೆ ಎಂತದಾದ್ರೂ ನನ್ನ ಕಿವಿಗೆ ಬಿದ್ರೆ ಕೊಡಲಿಯಲ್ಲಿ ಎರಡು ತುಂಡು ಮಾಡಿ ಶೀಟಿನ ಹಾಗೆ ಹೊಗೆಮನೆಯಲ್ಲಿ ತೂಗು ಹಾಕ್ತೇನೆ. ಕೇಳಿತಾ?"

"ಹಾಕ್ತಾನೆ," ಏಲಿಯಮ್ಮ ಅಡಿಗೆಮನೆಯಲ್ಲಿ ಸೊಸೆಗೆ ಹೇಳಿದಳು. "ನಾನು ಹೆತ್ತದ್ದು, ನನಗೆ ಗೊತ್ತುಂಟು. ಬಾಯಿ ಮುಚ್ಚಿಕೊಂಡು ಮದುವೆ ಮುಗಿಸು."

ಮೂರನೇ ಭಾನುವಾರದ ಹೆಸರು ಕರೆಯುವುದೂ ಮುಗಿಯಿತು. ಅಂಗಳಕ್ಕೆ ಚಪ್ಪರ ಬಂತು. ಕುಟ್ಟಿಯಮ್ಮ ದಿನಕ್ಕೆ ಮೂರು ಸಲ ಬೀಗ ತೆಗೆದು ಊಟ ಕೊಡುತ್ತಿದ್ದಳು. ಕೋಣೆಯಲ್ಲಿ ಹೊಗೆ ಹಾಕಿದ ರಬ್ಬರಿನ ವಾಸನೆ. ಮಗಳು ಶೀಟಿನ ಅಟ್ಟಿಯ ಮೇಲೆ ಕೂತಿರುತ್ತಿದ್ದಳು. ಹಣೆಯ ಬಾವು ಇಳಿದು ಕಣ್ಣಿನ ಸುತ್ತ ಹಳದಿಯಾಗಿತ್ತು.

"ಯಾವತ್ತು?" ಕುಟ್ಟಿಯಮ್ಮ ಬುಧವಾರ ಕೇಳಿದಳು.

ಮರಿಯಕುಟ್ಟಿ ಅವಳ ಮುಖ ನೋಡಿದಳು. "ಶುಕ್ರವಾರ ಹನ್ನೊಂದು ಗಂಟೆಗೆ. ಮೂವತ್ತು ದಿನ ಗುರುವಾರಕ್ಕೆ ಮುಗೀತದೆ."

"ಹಲ್ಲು ಮುರಿಸಿಕೊಂಡವನು ಬರ್ತಾನಾ?"

"ಸಹಿ ಹಾಕ್ಲಿಕ್ಕೆ ಹಲ್ಲು ಬೇಡ ಅಮ್ಮೇ."

"ಆಮೇಲೆ?"

"ಮೂರು ಗಂಟೆಗೆ ಮಂಗಳೂರು ಬಸ್ಸು."

ಕುಟ್ಟಿಯಮ್ಮ ಖಾಲಿ ತಟ್ಟೆ ಎತ್ತಿಕೊಂಡಳು. ಕಡಬದಿಂದ ಪುತ್ತೂರಿಗೆ ಉಲಹನ್ನಾನ್‌ನ ಜೀಪಿಗೆ ಒಂದು ಗಂಟೆ ಹತ್ತು ನಿಮಿಷ. ಎರಡು ಗಂಟೆಯವರೆಗೆ ಈ ಮನೆಯಿಂದ ಯಾರೂ ಹೊರಡಬಾರದು.

* * *

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಕುಟ್ಟಿಯಮ್ಮ ಗಂಡನ ಎದುರು ಹಾಲಿಲ್ಲದ ಕಟ್ಟನ್‌ಕಾಪಿ ಇಟ್ಟಳು.

"ಹುಡುಗಿಗೆ ಕುಂಬಸಾರ ಮಾಡಿಸ್ಬೇಕು. ಪಾಪ ಹೇಳಿಕೊಳ್ಳದೆ ತಾಳಿ ಕಟ್ಲಿಕ್ಕೆ ಅಚ್ಚನ್ ಬಿಡುದಿಲ್ಲ. ಇವತ್ತು ಬೆಳಿಗ್ಗೆ ಮಾತ್ರ ಅವರು ಇಗರ್ಜಿಯಲ್ಲಿ ಇರುದಂತೆ."

"ಪೈಲಿ ಜೊತೆಗೆ ಹೋಗ್ಲಿ."

"ಕುಂಬಸಾರಕ್ಕೆ ಗಂಡು ಕಾವಲಾ?" ಏಲಿಯಮ್ಮ ಹಾಸಿಗೆಯಿಂದಲೇ ಕೇಳಿದಳು. "ಪಾಪ ಅಚ್ಚನ್ನರಿಗೆ ಹೇಳುದಾ, ಪೈಲಿಗೆ ಹೇಳುದಾ? ಊರವರು ನಗ್ತಾರೆ. ತಾಯಿ ಇದ್ದಾಳಲ್ಲ, ಹೋಗ್ಲಿ."

ಈಪ್ಪನ್ ಬೀಗದಕೈ ಎಸೆದ.

ತಾಯಿ ಮಗಳು ಇಗರ್ಜಿಯ ಮೆಟ್ಟಿಲಿನವರೆಗೆ ಹೋಗಿ, ಹಿಂದಿನ ಸ್ಮಶಾನದ ದಾರಿಯಿಂದ ಬಸ್ಸು ನಿಲ್ಲುವಲ್ಲಿಗೆ ಇಳಿದರು. ಕೈಯಲ್ಲಿ ಚೀಲ ಕೂಡ ಇರಲಿಲ್ಲ. ಬಸ್ಸು ತಿರುವಿನಲ್ಲಿ ಕಂಡಿತು.

"ನೀವೂ ಬನ್ನಿ ಅಮ್ಮೇ. ನಿಮ್ಮನ್ನು ಬಿಡುದಿಲ್ಲ ಅವರು."

"ನಾನು ಬಂದ್ರೆ ಮಧ್ಯಾಹ್ನದ ಅಡಿಗೆ ಯಾರು ಮಾಡುದು? ಒಲೆ ಹೊಗೆಯಾಡದಿದ್ರೆ ಹತ್ತು ಗಂಟೆಗೇ ಹುಡುಕ್ಲಿಕ್ಕೆ ಹೊರಡ್ತಾರೆ." ಕುಟ್ಟಿಯಮ್ಮ ಮಗಳ ಹಣೆಯ ಕೂದಲನ್ನು ಹಳದಿ ಕಲೆ ಮುಚ್ಚುವಂತೆ ಇಳಿಬಿಟ್ಟಳು. "ನನಗೆ ಇದು ಇಷ್ಟ ಇಲ್ಲ ಮೋಳೇ. ಈಗಲೂ ಇಲ್ಲ. ಹತ್ತು."

ಒಂಬತ್ತೂವರೆಗೆ ಅವಳು ಒಬ್ಬಳೇ ಮನೆಗೆ ಬಂದಳು. ಕಾನ್ವೆಂಟಿನ ಸಿಸ್ಟರ್‌ಗಳು ಮದುವೆಯ ರವಿಕೆ ಸರಿಮಾಡಿ ಊಟದ ಹೊತ್ತಿಗೆ ಕಳಿಸುತ್ತಾರೆ ಎಂದಳು. ಈಪ್ಪನ್ ಚಪ್ಪರಕ್ಕೆ ಸೋಗೆ ಹೊದಿಸುತ್ತಿದ್ದ. ಹೂಂ ಎಂದ.

ಅವಳು ಬೂತಾಯಿ ಮೀನು ತೊಳೆದು ಹುಳಿಗೆ ಕುಡಂಪುಳಿ ಹಾಕಿ ಸಾರು ಮಾಡಿದಳು. ಮರಗೆಣಸು ಬೇಯಿಸಿದಳು. ಅನ್ನವನ್ನು ಬೇಕೆಂದೇ ತಡ ಮಾಡಿದಳು. ಹನ್ನೆರಡು ಮುಕ್ಕಾಲಿಗೆ ಗಂಡಸರು ಕೂತರು. ಬಡಿಸಿದಳು, ಇನ್ನೊಮ್ಮೆ ಬಡಿಸಿದಳು. ಗೋಡೆಯ ಗಡಿಯಾರ ಒಂದು ಹೊಡೆಯಿತು.

"ಅವಳು ಎಂತ, ಅಲ್ಲೇ ಉಂಡಳಾ?" ಈಪ್ಪನ್ ಕೇಳಿದ. "ಪೈಲಿ, ಉಂಡಾಯ್ತಲ್ಲ, ಕಾನ್ವೆಂಟಿಗೆ ಹೋಗಿ ಕರ್ಕೊಂಡು ಬಾ."

ಪೈಲಿ ಕೈ ತೊಳೆದು ಅಂಗಿ ಹಾಕಿಕೊಂಡ. ಕುಟ್ಟಿಯಮ್ಮ ಹೋಗಿ ಮುಂಬಾಗಿಲು ಮುಚ್ಚಿ, ಚಿಲಕ ಹಾಕಿ, ಹೊಸ್ತಿಲ ಮೇಲೆ ಕೂತಳು.

"ಕೂತ್ಕೋ ಪೈಲಿ. ಅವಳು ಕಾನ್ವೆಂಟಿನಲ್ಲಿ ಇಲ್ಲ."

"ಮತ್ತೆ?"

"ಪುತ್ತೂರಿನಲ್ಲಿ. ಅವಳ ಮದುವೆ ಆಯ್ತು. ಸಂಕಪ್ಪ ರೈಗಳ ಮಗನೊಟ್ಟಿಗೆ. ಸರಕಾರದ ಕಚೇರಿಯಲ್ಲಿ."

ಈಪ್ಪನ್ ಮೀನಿನ ಮುಳ್ಳು ಬಾಯಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟ. ಆಮೇಲೆ ನಕ್ಕ. "ಇವಳಿಗೆ ತಲೆ ಕೆಟ್ಟಿದೆ."

"ಮೂವತ್ತು ದಿನ ನೋಟೀಸು ಹಾಕಿದ್ರು. ನೀವು ಎರಡು ಸಲ ಅದರ ಎದುರು ನಿಂತಿದ್ರಿ. ಮೊದಲ ಸಲ ನೀವು ತಲೆ ಒರಗಿಸಿದ್ದು ಅವಳ ಹೆಸರಿಗೇ."

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಲಿಲ್ಲ. ನಾನು ಓದಿದೆ."

ಈಪ್ಪನ್‌ನ ನಗು ಹೋಯಿತು. "ಇಷ್ಟು ದಿನ ನೀನು..."

"ಇಪ್ಪತ್ತನಾಲ್ಕು ದಿನ. ರಸೀದಿ ಸುಟ್ಟದ್ದೂ ಅದಕ್ಕೇ. ಬಸ್ಸಿಗೆ ಹತ್ತಿಸಿದ್ದೂ ನಾನೇ."

ಮೊದಲು ತಟ್ಟೆ ಬಂತು. ಅದು ಬಾಗಿಲಿಗೆ ಬಡಿದು ಸಾರು ಅವಳ ತಲೆಯ ಮೇಲೆ ಸುರಿಯಿತು. ಈಪ್ಪನ್ ಅಡಿಗೆಮನೆಗೆ ನುಗ್ಗಿ ಒನಕೆ ಹಿಡಿದು ಬಂದ. ಪೈಲಿ ತಾಯಿಯ ಎರಡು ಭುಜ ಹಿಡಿದು ಹೊಸ್ತಿಲಿನಿಂದ ಎಳೆದ.

"ಏಳಿ ಅಮ್ಮೇ! ಜೀಪು ತರ್ಬೇಕು. ಇನ್ನೂ ಸಿಗ್ತಾರೆ ಅವರು. ಏಳಿ ಅಂದೆ!"

ಅವಳು ಅವನ ಕಾಲನ್ನು ತಬ್ಬಿ ಹಿಡಿದಳು. ಅವನು ಒದ್ದ. ಬಿಡಲಿಲ್ಲ. ಇನ್ನೊಮ್ಮೆ ಒದ್ದಾಗ ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಒನಕೆ ಮೇಲಿನಿಂದ ಬಂದಾಗ ಅವಳು ಎಡಗೈ ಅಡ್ಡ ಹಿಡಿದಳು. ಕಬ್ಬಿಣದ ಬಳೆ ಹಾಕಿದ ತುದಿ ಮುಂದೋಳಿಗೆ ಬಿತ್ತು. ಎರಡನೆಯದೂ ಅದೇ ಕೈಗೆ ಬಿತ್ತು. ಕೈ ಇನ್ನು ಅವಳ ಮಾತು ಕೇಳಲಿಲ್ಲ. ಅವಳು ಬಲಗೈಯಿಂದ ಪೈಲಿಯ ಮುಂಡನ್ನು ಹಿಡಿದು, ಹಲ್ಲಿನಿಂದಲೂ ಕಚ್ಚಿ ಹಿಡಿದಳು.

"ಹಿಂದಿನ ಬಾಗಿಲಿಂದ ಹೋಗೋ ಕತ್ತೇ!" ಈಪ್ಪನ್ ಕಿರುಚಿದ.

ಹಿಂದಿನ ಬಾಗಿಲ ಬಳಿ ಏಲಿಯಮ್ಮ ತನ್ನ ಕುರ್ಚಿ ಎಳೆದುಕೊಂಡು ಕೂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

"ವಲ್ಯಮ್ಮಚ್ಚಿ, ಸರಿಯಿರಿ," ಮುಂಡು ಬಿಟ್ಟು ಓಡಿ ಬಂದ ಪೈಲಿ ಅಜ್ಜಿಗೆ ಹೇಳಿದ.

"ಸರಿಯುದಿಲ್ಲ. ನನಗೂ ಒದಿ. ನಿನ್ನ ಅಪ್ಪನನ್ನು ಹೆತ್ತ ಹೊಟ್ಟೆ ಇದು, ಒದಿ." ಆಮೇಲೆ ಮಗನ ಕಡೆ ತಿರುಗಿ ಕೂಗಿದಳು, "ಸಾಕು ಈಪ್ಪಾ! ಅವಳು ಸತ್ರೆ ನಾಳೆಯಿಂದ ಯಾರಿಗೆ ಹೊಡೀತಿ? ನಾನು ಎಷ್ಟು ದಿನ ತಡೀತೇನೆ?"

ಈಪ್ಪನ್ ಒನಕೆಯನ್ನು ನೆಲಕ್ಕೆ ಊರಿ ಏದುಸಿರು ಬಿಟ್ಟ. ಗಡಿಯಾರದಲ್ಲಿ ಒಂದೂವರೆ ಕಳೆದಿತ್ತು. ಅವನು ಮತ್ತೆ ಎತ್ತಿದ, ಇಳಿಸಿದ, ಬೈದ, ಕುರ್ಚಿ ಒದ್ದ, ಗೋಡೆಯ ಮೇಲಿನ ಪವಿತ್ರ ಹೃದಯದ ಚಿತ್ರಕ್ಕೆ ಬೆನ್ನು ಹಾಕಿ ನಿಂತು ಬೈದ. ಪೈಲಿ ಚಡ್ಡಿಯಲ್ಲೇ ಕಿಟಕಿಯ ಸರಳು ಅಲ್ಲಾಡಿಸಿ ನೋಡಿದ. ಎರಡಕ್ಕೆ ಹತ್ತು ನಿಮಿಷವಿದ್ದಾಗ ಗೇಟಿನಲ್ಲಿ ಜೀಪಿನ ಹಾರ್ನ್ ಕೇಳಿಸಿತು.

ಉಲಹನ್ನಾನ್ ಅಲ್ಲ. ಸಂಕಪ್ಪ ರೈ. ಸೊಂಟದಲ್ಲಿ ಕತ್ತಿ, ಹೆಗಲ ಮೇಲೆ ಶಾಲು.

"ಈಪ್ಪಾ! ಹೊರಗೆ ಬಾ! ನಿನ್ನ ಮಗ ನನ್ನ ಮಗ‌ನ ಹಲ್ಲು ಮುರಿದ, ನಿನ್ನ ಮಗಳು ನನ್ನ ಮನೆ ಮುರಿದಳು. ಸೊಸೈಟಿಗೆ ಫೋನು ಬಂತು. ಹನ್ನೊಂದು ನಲವತ್ತಕ್ಕೆ ಸಹಿ ಆಯ್ತಂತೆ. ಇದಕ್ಕೆ ನೀನು ಎಂತ ಹೇಳ್ತಿ?"

ಕುಟ್ಟಿಯಮ್ಮ ಬಲಗೈಯಿಂದ ಚಿಲಕ ತೆಗೆದಳು. ಬಾಗಿಲು ತೆರೆದುಕೊಂಡಿತು. ಅವಳು ಅಂಗಳದ ಚಪ್ಪರದ ಕೆಳಗೆ ನಾಲ್ಕು ಹೆಜ್ಜೆ ನಡೆದು ಕುಸಿದಳು. ಮುಖದಲ್ಲಿ ಮೀನು ಸಾರು, ಸೀರೆಯ ಎಡಬದಿಯಲ್ಲಿ ರಕ್ತ. ಎರಡೂ ಒಂದೇ ಬಣ್ಣವಾಗಿತ್ತು.

ಸಂಕಪ್ಪ ರೈಯ ಕೈ ಕತ್ತಿಯ ಹಿಡಿಯಲ್ಲೇ ನಿಂತಿತು. ಅವರು ಈಪ್ಪನ್‌ನನ್ನು, ಅವನ ಕೈಯ ಒನಕೆಯನ್ನು ನೋಡಿದರು.

"ಥೂ," ಎಂದರು. "ನಿನ್ನ ಹತ್ತಿರ ಜಗಳಕ್ಕೆ ಬಂದದ್ದೇ ನನ್ನ ತಪ್ಪು." ಬಾಗಿ ಕುಟ್ಟಿಯಮ್ಮನ ಬಲಗೈ ಹಿಡಿದರು. "ನೋಡಿ, ನಿಮ್ಮ ಮಗಳು ನನ್ನ ಹೊಸ್ತಿಲು ತುಳಿಯುದು ಬೇಡ. ಅದು ಬೇರೆ. ಆದ್ರೆ ನೀವು ಇಲ್ಲಿ ಬಿದ್ದು ಸಾಯುದೂ ಬೇಡ. ಜೀಪು ಹತ್ತಿ."

"ಮೂರು ಗಂಟೆಯ ಬಸ್ಸು ಅವರಿಗೆ ಸಿಗ್ತದಾ?" ಕುಟ್ಟಿಯಮ್ಮ ಕೇಳಿದಳು.

"ಸಿಗ್ತದೆ, ಸಿಗ್ತದೆ. ಹಾಳಾಗಿ ಹೋಗ್ಲಿ. ಹತ್ತಿ."

"ನಿಲ್ಲಿ," ಎನ್ನುತ್ತ ಏಲಿಯಮ್ಮ ಗೋಡೆ ಹಿಡಿದುಕೊಂಡು ಬಂದಳು. "ನಾನೂ ಬರ್ತೇನೆ. ಹೆಂಗಸು ಒಬ್ಬಳೇ ನಿಮ್ಮ ಜೀಪಿನಲ್ಲಿ ಹೋದ್ರೆ ಊರವರು ಎಂತ ಹೇಳ್ಯಾರು?"

* * *

ನಾಲ್ಕು ಗಂಟೆಗೆ ಪೇಟೆಯ ಆಸ್ಪತ್ರೆಯಲ್ಲಿ ಕಂಪೌಂಡರ್ ಕುಟ್ಟಿಯಮ್ಮನ ಕೈಗೆ ಕಟ್ಟಿದ್ದ ಸೀರೆಯ ತುಂಡು ಬಿಡಿಸಿ ಗಾಯ ತೊಳೆದ. ಸಣ್ಣ ವಯಸ್ಸಿನ ಡಾಕ್ಟರು ಮೂಳೆಯನ್ನು ಒತ್ತಿ ನೋಡಿದರು. ಎರಡು ಕಡೆ ಮುರಿದಿತ್ತು. ಪಕ್ಕೆಲುಬು ಒಂದು ಸೀಳಿತ್ತು.

"ಹೇಗಾಯ್ತು?" ಡಾಕ್ಟರು ಪುಸ್ತಕ ತೆರೆದರು.

"ಬಿದ್ದದ್ದು," ಏಲಿಯಮ್ಮ ಹೇಳಿದಳು. "ಹೊಗೆಮನೆಯ ಏಣಿಯಿಂದ. ಕಾಲು ಜಾರಿ..."

"ಅಮ್ಮಚ್ಚಿ," ಕುಟ್ಟಿಯಮ್ಮ ಹೇಳಿದಳು.

ಏಲಿಯಮ್ಮ ನಿಲ್ಲಿಸಿದಳು. ಡಾಕ್ಟರು ಒಬ್ಬರ ನಂತರ ಒಬ್ಬರ ಮುಖ ನೋಡಿದರು.

"ಬಿದ್ದದ್ದಲ್ಲ. ನನ್ನ ಗಂಡ ಒನಕೆಯಲ್ಲಿ ಹೊಡೆದದ್ದು. ಈಪ್ಪನ್. ಪಕ್ಕೆಗೆ ಒದ್ದದ್ದು ಮಗ ಪೈಲಿ."

ಡಾಕ್ಟರು ಪೆನ್ನು ಎತ್ತಿ ಹಿಡಿದರು. "ಹಾಗೆ ಬರೆದ್ರೆ ಪೊಲೀಸರಿಗೆ ಕಳಿಸ್ಬೇಕಾಗ್ತದೆ. ಮನೆಗೆ ಬರ್ತಾರೆ ಅವರು. ಗೊತ್ತುಂಟಾ?"

ಬಾಗಿಲಲ್ಲಿ ನಿಂತಿದ್ದ ಸಂಕಪ್ಪ ರೈ ಶಾಲು ಸರಿಮಾಡಿಕೊಂಡು ಹೊರಗೆ ನೋಡಿದರು. ಏಲಿಯಮ್ಮ ಸೊಸೆಯ ಸೀರೆಯ ಸೆರಗನ್ನು ಹಿಡಿದಳು. ಬೇಡ ಎನ್ನಲು ಹಿಡಿದಳೋ ಬೀಳದಿರಲಿ ಎಂದು ಹಿಡಿದಳೋ ಹೇಳುವಂತಿರಲಿಲ್ಲ.

"ಬರ್ಲಿ," ಕುಟ್ಟಿಯಮ್ಮ ಹೇಳಿದಳು. "ಬರೆಯಿರಿ."

ಡಾಕ್ಟರು ಮೇಜಿನ ಡ್ರಾಯರಿನಿಂದ ಸ್ಕೇಲು ತೆಗೆದು ಗಾಯಕ್ಕೆ ಹಿಡಿದು ಅಳೆದು ಬರೆಯತೊಡಗಿದರು. ಎಡ ಮುಂದೋಳಿನ ಹೊರಬದಿಯಲ್ಲಿ, ಮೊಣಕೈಯ ಕೆಳಗೆ, ಒಂಬತ್ತೂವರೆ ಸೆಂಟಿಮೀಟರ್.